ತಲೆಕೆಳಗಾದ ಸಿರೆ

ಜೆಲ್ ತಣ್ಣಗಿರುತ್ತದೆ, ಮೊದಲೇ ಹೇಳಿಬಿಡುತ್ತೇನೆ.
ಅಡೆಲಿನು ಕಿಂಟೆಲಾ ನಗುತ್ತಾರೆ:
"ಜನವರಿಯ ದೋರು ನದಿಯಲ್ಲಿ ನಿಂತು
ಓಕ್ ಹಲಗೆ ನೆನೆಹಾಕಿದ ಕಾಲು ಕಣಮ್ಮ ಇದು,
ಇದಕ್ಕೆಂಥ ಚಳಿ."

ಎಪ್ಪತ್ತೊಂದು ವಯಸ್ಸು. ಗೈಯಾ ದಂಡೆಯ ಗೋದಾಮುಗಳಲ್ಲಿ
ನಲವತ್ನಾಲ್ಕು ವರ್ಷ ಪೀಪಾಯಿ ಕಟ್ಟಿದವರು.
ದಿನಕ್ಕೆ ಸಿಗರೇಟು ಎಷ್ಟು ಅಂದರೆ
ಚಾವಣಿ ನೋಡುತ್ತಾರೆ.

ಹೋದ ವರ್ಷ ಈ ಕಾಲು
ಮನೆಗೆ ಹತ್ತುವ ನೂರ ಹನ್ನೆರಡು ಮೆಟ್ಟಿಲಲ್ಲಿ
ಮೂವತ್ತಕ್ಕೇ ಕೈಕೊಡುತ್ತಿತ್ತು.
ಮೀನಂಗಡಿಯ ಗಾಜಿನ ಮುಂದೆ ನಿಂತು
ಸಾರ್ಡಿನ್ ಬೆಲೆ ಓದುವವರ ಹಾಗೆ ನಟಿಸುತ್ತಿದ್ದರಂತೆ,
ಮೀನಖಂಡದ ಬಿಗಿ ಸಡಿಲುವವರೆಗೆ.
ಆಮೇಲೆ ಕಿರುಬೆರಳು ಕಪ್ಪಾಯಿತು.

ಅವರದೇ ಕಾಲಿನ ಸಿರೆಯೊಂದನ್ನು ಬಿಡಿಸಿ
ತಲೆಕೆಳಗು ಮಾಡಿ
ಮುಚ್ಚಿದ ಧಮನಿಯ ಪಕ್ಕ ಹೊಲಿದರು.
ತಿರುಗಿಸದೆ ಆಗುವುದಿಲ್ಲ.
ಸಿರೆಯೊಳಗೆ ಪುಟ್ಟ ಪುಟ್ಟ ಕದ,
ಮೇಲೆ ಹೋಗುವವರಿಗಷ್ಟೇ ತೆರೆಯುವಂಥವು.
ಇಷ್ಟು ಕಾಲ ಪಾದದಿಂದ ಎದೆಗೆ
ದಣಿದ ರಕ್ತವನ್ನು ಮೆಲ್ಲಗೆ ಹೊತ್ತದ್ದು
ಈಗ ಎದೆಯಿಂದ ಧಡಧಡ ಬರುವುದನ್ನು
ತಾಳಿಕೊಳ್ಳಬೇಕು. ರೂಢಿಯಿಲ್ಲದ ಕೆಲಸ.
ಕೆಲವು ಒಗ್ಗುತ್ತವೆ. ಕೆಲವು
ಒಳಗೊಳಗೇ ದಪ್ಪಗಾಗುತ್ತವೆ, ಯಾರಿಗೂ ಹೇಳದೆ.

ಅದಕ್ಕೇ ನಾನು, ಗ್ರಾಸಿಂಡಾ,
ನೆಲಮಾಳಿಗೆಯ ಮೂರನೇ ಕೋಣೆ, ಕಿಟಕಿಯಿಲ್ಲ.
ಆರು ವಾರಕ್ಕೆ ಬಂದಿದ್ದರು, ಮೂರು ತಿಂಗಳಿಗೆ ಬಂದಿದ್ದರು.
ಇದು ಆರನೆಯದು.

ತೊಡೆಸಂದಿಯಿಂದ ಶುರು. ಬೆರಳಗಲ, ಬೆರಳಗಲ.
ಪರದೆಯ ಮೇಲೆ ಕೆಂಪು, ಸ್ಪೀಕರಿನಲ್ಲಿ
ಹುಶ್ ತಪ್, ಹುಶ್ ತಪ್,
ದೂರದಲ್ಲಿ ಯಾರೋ ಕಂಬಳಿ ಒಗೆಯುವ ಹಾಗೆ.
ಸೆಕೆಂಡಿಗೆ ಎಪ್ಪತ್ತು ಸೆಂಟಿಮೀಟರು. ಎಪ್ಪತ್ತೆರಡು. ಎಪ್ಪತ್ತು.
"ಈಗ ನಿಲ್ಲದೆ ಹತ್ತುತ್ತೇನೆ, ಗೊತ್ತಾ?
ಸಾರ್ಡಿನ್ ಬೆಲೆಯೇ ಮರೆತುಹೋಗಿದೆ."
"ಮಾತಾಡಬೇಡಿ, ಅಲುಗುತ್ತದೆ."

ಮೊಣಕಾಲಿನ ಕೆಳಗೆ, ಒಳಮಗ್ಗುಲಲ್ಲಿ,
ಹೊಲಿಗೆಯ ಗುರುತು ಮುಗಿಯಲು ಎರಡು ಬೆರಳು ಮುಂಚೆ
ಶಬ್ದ ಬದಲಾಯಿತು.
ಮೊದಲು ಕಿವಿಗೆ, ಆಮೇಲೆ ಪರದೆಗೆ.
ಹುಶ್ ಹೋಗಿ ಸುಂಯ್ಯ್...
ಬಾಗಿಲ ಸಂದಿಯಲ್ಲಿ ಅಟ್ಲಾಂಟಿಕ್ ಗಾಳಿ ತೂರಿದ ಹಾಗೆ.
ಕೆಂಪು ಹಳದಿಯಾಗಿ, ಹಳದಿಯಲ್ಲಿ ನೀಲಿ ಕಲಸಿ.
ಮುನ್ನೂರ ಹದಿನೈದು.
ಕೋನ ಸರಿಮಾಡಿ ಮತ್ತೆ ಅಳೆದೆ.
ಮುನ್ನೂರ ಹದಿನೈದೇ.

ನನ್ನ ಮುಖ ಏನೂ ಹೇಳಬಾರದು.
ಹೇಳುವವರು ಮೇಲಿನ ಮಹಡಿಯ ಡಾಕ್ಟರು.
ಹದಿನೇಳು ವರ್ಷದಲ್ಲಿ ಮುಖಕ್ಕೆ ಕಲಿಸಿದ್ದೇನೆ.
ಸ್ಪೀಕರು ಆರಿಸುವುದನ್ನು ಮರೆತಿದ್ದೆ.

ಅವರು ಕಣ್ಣು ತೆರೆಯಲಿಲ್ಲ.
ಮಂಚದ ಅಂಚಿಗೆ ಬೆರಳ ಗೆಣ್ಣು
ಒಮ್ಮೆ ತಟ್ಟಿತು, ಪೀಪಾಯಿಗೆ ತಟ್ಟುವ ಹಾಗೆ.
"ಅಲ್ಲೇ ಹಿಂಡಿದೆ, ಅಲ್ಲವಾ?
ನಲ್ಲಿಯ ಬಾಯಲ್ಲಿ ಗಷ್ಟು ಕೂತರೆ
ವೈನೂ ಹೀಗೇ ಸಿಳ್ಳೆ ಹಾಕುತ್ತದೆ."
ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
"ಡಾಕ್ಟರು ಹೇಳುತ್ತಾರೆ."
"ಅವರು ಕೇಳಿಸಿಕೊಂಡರಾ ಇದನ್ನು?"
"ಇಲ್ಲ. ನಾನು ಬರೆದದ್ದನ್ನು ಓದುತ್ತಾರೆ."
"ಹಾಗಾದರೆ ದೊಡ್ಡ ಅಕ್ಷರದಲ್ಲಿ ಬರಿ."

ನೋವಿಲ್ಲ. ಪಾದ ಬೆಚ್ಚಗಿದೆ, ಬೆರಳಿಗೆ ಬಣ್ಣ ಮರಳಿದೆ.
ಕಾಲಿಗೇ ಇನ್ನೂ ಸುದ್ದಿ ಮುಟ್ಟಿಲ್ಲ.
ಬರೆದೆ: ಕೆಳಗಿನ ಜೋಡಣೆಯ ಹತ್ತಿರ,
ಅನುಪಾತ ನಾಲ್ಕೂವರೆ, ಇವತ್ತೇ ನೋಡುವುದು.
"ಇವತ್ತೇ"ಗೆ ಎರಡು ಗೆರೆ ಎಳೆದೆ.

ಜೆಲ್ ಒರೆಸಿಕೊಂಡು ಕಾಲುಚೀಲ ಏರಿಸುವಾಗ
ಆ ಎರಡು ಬೆರಳ ಜಾಗದಲ್ಲಿ
ಅವರ ಕೈ ಸ್ವಲ್ಪ ತಡೆಯಿತು.
"ಲಿಫ್ಟು ಬಲಗಡೆ" ಅಂದೆ.
ಎಡಕ್ಕೆ ತಿರುಗಿ ಮೆಟ್ಟಿಲು ಹಿಡಿದರು.

ಬಾಗಿಲು ಮುಚ್ಚದೆ ಎಣಿಸುತ್ತ ನಿಂತೆ,
ಹದಿನೆಂಟು, ಹತ್ತೊಂಬತ್ತು, ಎಲ್ಲೂ ನಿಲ್ಲಲಿಲ್ಲ,
ಇಪ್ಪತ್ತಾರಕ್ಕೆ
ಬೆಂಚಿನ ಮೇಲೆ ಕಾಯುತ್ತಿದ್ದ ಮುಂದಿನವರು ಕೆಮ್ಮಿದರು,
ಲೆಕ್ಕ ತಪ್ಪಿತು.